ಸಾಲಿನ ಕೊನೆಯ ಸವಾರನ ದನಿ

ಬೇಗೂರು ದಾಟುವ ಹೊತ್ತಿಗೆ ಮಳೆ ಹಿಡಿದಿತ್ತು. ತೊಂಬತ್ತರ ದಶಕದ ಮಾತು. ಬಂಡೀಪುರ ಮುಗಿಸಿ ಮೈಸೂರಿಗೆ ಮರಳುತ್ತಿದ್ದ ಐದು ಯೆಜ್ಡಿಗಳಲ್ಲಿ ಮುಂದಿನದು ನನ್ನದು. ಕನ್ನಡಿಯ ತುಂಬ ಹನಿ, ಹನಿಗಳ ನಡುವೆ ಎರಡೋ ಮೂರೋ ಮಂಕು ಬೆಳಕು. ಎಲ್ಲರೂ ಬರುತ್ತಿದ್ದಾರೆ ಅಂದುಕೊಂಡೇ ನಂಜನಗೂಡು ಹಾದು, ಕಪಿಲಾ ನದಿ ದಾಟಿ, ಟೀ ಅಂಗಡಿಯ ಮುಂದೆ ನಿಂತು ಎಣಿಸಿದರೆ ಇದ್ದದ್ದು ನಾಲ್ಕೇ ಬೈಕು. ಹತ್ತು ನಿಮಿಷ ಕಾದೆವು. ಅರ್ಧ ಗಂಟೆಯಾಯಿತು. ಕೊನೆಗೆ ಇಬ್ಬರು ಹಿಂದಕ್ಕೆ ಹೋದೆವು. ಬೇಗೂರಿನ ಹತ್ತಿರ, ರಸ್ತೆ ಬದಿಯ ಹುಣಸೆಮರದ ಕೆಳಗೆ ಗೆಳೆಯ ತೊಯ್ದು ಮುದ್ದೆಯಾಗಿ ಕೂತಿದ್ದ. ಕ್ಲಚ್ ಕೇಬಲ್ ತುಂಡಾಗಿತ್ತು. ‘ಹಾರ್ನ್ ಹೊಡ್ದೆ, ಹೊಡ್ದೆ, ಕೂಗ್ದೆ ಕೂಡ. ಯಾರೂ ತಿರುಗಿ ನೋಡ್ಲಿಲ್ಲ ಕಣ್ರೋ’ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಒಂಟಿಯಾಗಿ ಕೂತಿದ್ದ ಒಂದು ಗಂಟೆಯ ಗಾಬರಿ ಇತ್ತು.

ಆ ಗಾಬರಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ರಿಂಗ್ ರೋಡಿನ ಪಕ್ಕದಲ್ಲಿ ಕಾಫಿಗೆ ನಿಂತ ಹುಡುಗರು, ಹುಡುಗಿಯರು ‘ಯಾವ ಇಂಟರ್‌ಕಾಮ್ ತಗೊಳ್ಳೋದು ಸಾರ್?’ ಎಂದು ಕೇಳಿದಾಗ ನಾನು ಕಂಪನಿಯ ಹೆಸರು ಹೇಳುವ ಮೊದಲು ತಿರುಗಿ ಕೇಳುವುದು ಅದಕ್ಕೇ: ‘ನಿಮ್ಮ ಸಾಲಲ್ಲಿ ಕೊನೆಗೆ ಬರೋರು ಯಾರು?’ ಹೆಲ್ಮೆಟ್‌ಗೆ ಕೂರಿಸುವ ಈ ಅಂಗೈಯಗಲದ ಯಂತ್ರ ಈಗ ಮೂರು ಸಾವಿರ ರೂಪಾಯಿಯ ಆಸುಪಾಸಿನಿಂದ ಮೂವತ್ತು ಸಾವಿರ ದಾಟುವವರೆಗೆ ಸಿಗುತ್ತದೆ. ಹಾಡು, ಫೋನು, ದಾರಿ ಹೇಳುವ ದನಿ ಎಲ್ಲವೂ ಅದರಲ್ಲಿವೆ. ಆದರೆ ಗುಂಪಾಗಿ ಹೊರಡುವವರಿಗೆ ಅದರಿಂದ ಆಗಬೇಕಾದ ಮೊದಲ ಕೆಲಸ ಒಂದೇ. ಕೊನೆಯವನು ಆಡಿದ ಮಾತು ಮೊದಲನೆಯವನಿಗೆ ಕೇಳಬೇಕು. ಆ ಕೆಲಸ ಆಗುತ್ತದೋ ಇಲ್ಲವೋ ಎಂದು ನೋಡಿಯೇ ಕೊಳ್ಳಬೇಕೆಂಬುದು ನನ್ನ ವಾದ.

ಯಾದವಗಿರಿಯ ಎರಡು ಕಟ್ಟಡ

ಇಂಥ ಮಾತಿಗೆ ಮೈಸೂರಿಗಿಂತ ತಕ್ಕ ಊರು ನನಗೆ ಗೊತ್ತಿಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಅಂಟಿದ್ದು ಆ ಮನೆಯಿಂದಲೇ. ಆ ಮೇಲೆ ಮೈಸೂರು ಆಕಾಶವಾಣಿ ನೆಲೆಯೂರಿದ್ದು ಅಲ್ಲೇ ಹತ್ತಿರದ ಯಾದವಗಿರಿಯಲ್ಲಿ. ಅದೇ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. ಇರಾನಿ ಮನೆತನದವರು ಜೆಕೊಸ್ಲೊವಾಕಿಯಾದ ತಂತ್ರಜ್ಞಾನ ತಂದು 1961ರಿಂದ ಇಲ್ಲಿ ಜಾವಾ ಬೈಕು ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಅದೇ ಯೆಜ್ಡಿಯಾಯಿತು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರು, ಎರಡು ಸೈಲೆನ್ಸರು, ಎರಡು ಬೀದಿಯಾಚೆಯಿಂದಲೇ ಗುರುತು ಹಿಡಿಯಬಹುದಾದ ಆ ಟೂ ಸ್ಟ್ರೋಕ್ ಸದ್ದು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಹಳೆಯ ಬೈಕುಗಳನ್ನು ಒರೆಸಿ ಬೀದಿಗಿಳಿಸುವ ಮೈಸೂರಿಗರು ಇಂದಿಗೂ ಇದ್ದಾರೆ.

ಬಾಲ್ಯದಲ್ಲಿ ನಮ್ಮ ಮನೆಯ ರೇಡಿಯೊ ಮುಂದೆ ಕೂತಾಗ ಬೀದಿಯಲ್ಲಿ ಬೈಕು ಹಾದರೆ ಕೃತಿಯ ನಡುವೆ ಕರಕರ ಸದ್ದು ಏಳುತ್ತಿತ್ತು. ಸ್ಪಾರ್ಕ್ ಪ್ಲಗ್ಗಿನ ಕಿಡಿಯೂ ಒಂದು ಪುಟ್ಟ ರೇಡಿಯೊ ಅಲೆಯೇ. ಹಳೆಯ ಗಾಡಿಗಳಲ್ಲಿ ಅದನ್ನು ತಡೆಯುವ ಏರ್ಪಾಡು ಸರಿಯಾಗಿರುತ್ತಿರಲಿಲ್ಲ. ಒಂದೇ ಬಡಾವಣೆಯ ಬೈಕು ಮತ್ತು ಬಾನುಲಿ ಆಗ ಎದುರು ಬದುರಾದದ್ದು ಹೀಗೆ ಮಾತ್ರ. ಇವೆರಡೂ ಒಂದೇ ಹೆಲ್ಮೆಟ್ಟಿನಲ್ಲಿ ಸಂಸಾರ ಹೂಡುತ್ತವೆಂದು ಯಾರೂ ಎಣಿಸಿರಲಿಲ್ಲ.

ಹಾಗಂತ ಅಂದಿನ ಸವಾರರು ಮೂಕರಾಗಿರಲಿಲ್ಲ. ಎಡಗೈ ಚಾಚಿ ಅಂಗೈ ಕೆಳಕ್ಕೆ ಮಾಡಿ ಎರಡು ಸಲ ಆಡಿಸಿದರೆ ನಿಧಾನ. ಕಾಲು ಚಾಚಿದರೆ ಆ ಬದಿಯಲ್ಲಿ ಗುಂಡಿ. ಹೆಲ್ಮೆಟ್ ಮೇಲೆ ತಟ್ಟಿದರೆ ಮುಂದೆ ಪೊಲೀಸರಿದ್ದಾರೆ. ಹಿಂದೆ ಕೂರುತ್ತಿದ್ದ ನನ್ನಾಕೆಗೆ ತನ್ನದೇ ಲಿಪಿಯಿತ್ತು: ಭುಜಕ್ಕೆ ಒಂದು ತಟ್ಟು ಅಂದರೆ ಮೆಲ್ಲಗೆ, ಎರಡು ಅಂದರೆ ನಿಲ್ಲಿಸಿ, ಬೆನ್ನಿಗೆ ಒರಗಿದರೆ ನಿದ್ದೆ ಬರುತ್ತಿದೆ ಎಂದು. ನಮ್ಮ ತಾತ ಸಂತೆಗೆ ಗಾಡಿ ಕಟ್ಟುತ್ತಿದ್ದ ಕಾಲದಲ್ಲಿ ಕತ್ತಲಲ್ಲಿ ಸಾಲಾಗಿ ಹೊರಟ ಎತ್ತಿನ ಗಾಡಿಗಳು ಒಂದರ ಕೊರಳ ಗಂಟೆಯ ಜಾಡು ಹಿಡಿದು ಇನ್ನೊಂದು ನಡೆಯುತ್ತಿದ್ದವಂತೆ. ಹಿಂದಿನ ಗಂಟೆ ನಿಂತಿತೆಂದರೆ ಮುಂದಿನವನೂ ಹಗ್ಗ ಜಗ್ಗುತ್ತಿದ್ದ. ನಮ್ಮ ಯೆಜ್ಡಿಗಳಿಗೆ ಇಲ್ಲದ್ದು ಆ ಹಿಂದಿನ ಗಂಟೆ. ಕೈಸನ್ನೆ ಮುಂದಿನಿಂದ ಹಿಂದಕ್ಕೆ ಮಾತ್ರ ಹೋಗುತ್ತದೆ. ಹಿಂದಿನವನ ಕೈ ಮುಂದಿನವನಿಗೆ ಕಾಣುವುದಿಲ್ಲ.

ಹೂದಂಡೆ, ಬಿದಿರು ಬುಟ್ಟಿ

ಇಂದಿನ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಬರಿಯ ಬ್ಲೂಟೂತ್‌ನದು, ಇನ್ನೊಂದು ‘ಮೆಶ್’. ಬ್ಲೂಟೂತ್‌ನಲ್ಲಿ ಒಂದು ಹೆಲ್ಮೆಟ್ ಪಕ್ಕದ ಹೆಲ್ಮೆಟ್‌ಗೆ, ಅದು ಅದರಾಚೆಯದಕ್ಕೆ ಜೋಡಿಯಾಗುತ್ತ ಹೋಗಬೇಕು. ದೇವರಾಜ ಮಾರುಕಟ್ಟೆಯಲ್ಲಿ ಕಟ್ಟಿ ಕೊಡುವ ಮಲ್ಲಿಗೆ ದಂಡೆಯಂತೆ ಇದು. ನಡುವೆ ಒಂದು ಕಡೆ ದಾರ ಕಿತ್ತರೆ ಅದರಾಚೆಯ ಹೂವೆಲ್ಲ ಬೇರೆ. ನಾಲ್ವರ ಸಾಲಿನಲ್ಲಿ ಎರಡನೆಯವರು ಪೆಟ್ರೋಲ್ ಬಂಕಿಗೆ ತಿರುಗಿದರೋ, ಮೂರನೆಯವರೂ ನಾಲ್ಕನೆಯವರೂ ಲೀಡರಿಗೆ ಇಲ್ಲವಾದರು. ಮತ್ತೆ ನಿಂತು, ಗ್ಲೌಸ್ ಬಿಚ್ಚಿ, ಗುಂಡಿ ಒತ್ತಿ ಪೇರಿಂಗ್ ಮಾಡಬೇಕು. ಹೆಚ್ಚಿನ ಬ್ಲೂಟೂತ್ ಸೆಟ್‌ಗಳು ನಾಲ್ಕು ಮಂದಿಗೆ ಮುಗಿಯುತ್ತವೆ.

ಮೆಶ್ ಎಂದರೆ ನಮ್ಮ ಮೇದರ್ ಬ್ಲಾಕಿನ ಬಿದಿರು ಬುಟ್ಟಿ. ಪ್ರತಿ ಸೀಳೂ ಹಲವು ಸೀಳುಗಳ ಮೇಲೆ ಕೆಳಗೆ ಹಾದಿರುತ್ತದೆ. ಒಂದು ಮುರಿದರೆ ಬುಟ್ಟಿ ಬಿಚ್ಚಿಕೊಳ್ಳುವುದಿಲ್ಲ. ವ್ಯಾಪ್ತಿಯೊಳಗಿರುವ ಎಲ್ಲ ಹೆಲ್ಮೆಟ್‌ಗಳೂ ಎಲ್ಲವುಗಳ ಮಾತನ್ನು ಹೊತ್ತು ದಾಟಿಸುತ್ತವೆ. ಒಬ್ಬರು ಹಿಂದುಳಿದು ಮತ್ತೆ ಬಂದರೆ ತಾನಾಗಿ ಸೇರಿಕೊಳ್ಳುತ್ತಾರೆ, ಸಾಲಿನಲ್ಲಿ ಜಾಗ ಬದಲಾದರೂ ಏನೂ ಆಗದು. ಇಸ್ರೇಲಿನ ಕಾರ್ಡೊ ಕಂಪನಿ ಬೈಕ್ ಸವಾರರಿಗೆಂದು ಇದನ್ನು 2015ರಲ್ಲಿ ತಂದಿತು, ಕೊರಿಯಾದ ಸೇನಾ ಆಮೇಲೆ ಹಿಂಬಾಲಿಸಿತು. ಒಂದು ಗುಂಪಿಗೆ 15 ಮಂದಿ ಎಂದು ಮೊದಲಿನದು ಹೇಳಿಕೊಂಡರೆ, ಎರಡನೆಯದರ ಲೆಕ್ಕ 24ರವರೆಗೆ ಹೋಗುತ್ತದೆ. ಬೆಂಗಳೂರಿನದೇ ಆದ ಬ್ಲೂಆರ್ಮರ್ ಮೊದಲು ಹೆಲ್ಮೆಟ್ ತಂಪುಮಾಡುವ ಯಂತ್ರ ಮಾಡುತ್ತಿದ್ದ ಕಂಪನಿ. ಈಗ ಇಂಟರ್‌ಕಾಮ್ ಮಾಡುತ್ತದೆ, ಅದರ ಮೇಲ್ದರ್ಜೆಯ ಸೆಟ್‌ಗಳಲ್ಲೂ ಮೆಶ್ ಇದೆ. ನಮ್ಮ ಬಿಸಿಲು, ನಮ್ಮ ಮಳೆ ಗೊತ್ತಿರುವವರು, ಕೆಟ್ಟರೆ ಒಂದು ಹಗಲಿನ ದಾರಿಯಲ್ಲಿ ಸಿಗುವವರು ಎಂಬ ಕಾರಣಕ್ಕೆ ನಮ್ಮ ಗುಂಪಿನಲ್ಲಿ ಕೆಲವರು ಅದನ್ನೇ ಹಿಡಿದಿದ್ದಾರೆ.

ಇಲ್ಲೇ ಅಂಗಡಿಯವರು ಸಾಮಾನ್ಯವಾಗಿ ಹೇಳದೆ ಬಿಡುವ ಮಾತೊಂದಿದೆ. ಒಂದು ಕಂಪನಿಯ ಮೆಶ್ ಇನ್ನೊಂದು ಕಂಪನಿಯ ಮೆಶ್ ಜೊತೆ ಮಾತಾಡುವುದಿಲ್ಲ. ಬೇರೆ ಕಂಪನಿಯವರನ್ನು ಸೇರಿಸಿಕೊಳ್ಳಬೇಕಾದರೆ ಬ್ಲೂಟೂತ್ ಮೂಲಕ, ಅವರೊಂದು ಫೋನು ಎಂಬಂತೆ ಯಂತ್ರಕ್ಕೆ ನಂಬಿಸಿ ಸೇರಿಸಬೇಕು. ಆಗ ದನಿ ಸೊರಗುತ್ತದೆ, ಅವರು ತಮ್ಮ ಫೋನನ್ನು ಬಿಟ್ಟುಕೊಡಬೇಕಾಗಲೂಬಹುದು. ಆದ್ದರಿಂದ ಇಂಟರ್‌ಕಾಮ್ ಎಂಬುದು ಶೂ ಕೊಂಡಂತೆ ಒಬ್ಬರ ಇಷ್ಟದ ಖರೀದಿ ಆಗಲಾರದು. ಗುಂಪೆಲ್ಲ ಕೂತು ತೀರ್ಮಾನ ಮಾಡುವ ಖರೀದಿ. ಆರು ಮಂದಿಯಲ್ಲಿ ಇಬ್ಬರು ನಲವತ್ತು ಸಾವಿರದ್ದು, ನಾಲ್ವರು ಬೇರೆ ಬೇರೆ ಕಡೆಯದ್ದು ಕೊಂಡರೆ ಆರು ಹೆಲ್ಮೆಟ್‌ನಲ್ಲೂ ಹಾಡು ಕೇಳುತ್ತದೆ, ಮಾತು ಕೇಳುವುದಿಲ್ಲ. ಅದಕ್ಕಿಂತ ಆರೂ ಮಂದಿ ಒಂದೇ ಕಂಪನಿಯ ಮಧ್ಯಮ ದರ್ಜೆಯದು ಕೊಳ್ಳುವುದು ಸಾವಿರ ಪಾಲು ಮೇಲು. ಎಲ್ಲರ ಕೈಯಲ್ಲೂ ದುಡ್ಡು ಸಾಲದು, ಇಬ್ಬರಿಗೆ ಮಾತ್ರ ಆಗುತ್ತದೆ ಎನ್ನುವ ಗುಂಪಿಗೆ ನನ್ನ ಸಲಹೆ: ಒಂದನ್ನು ಮುಂದಿನವರಿಗೆ ಕೊಡಿ, ಇನ್ನೊಂದನ್ನು ಕೊನೆಯವರಿಗೆ. ನಡುವಿನವರನ್ನು ಅವರಿಬ್ಬರೂ ಕಾಯುತ್ತಾರೆ.

ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಹೋಗುವವರು, ಇಬ್ಬರೇ ಗೆಳೆಯರು ಮೇಲುಕೋಟೆಗೋ ಸೋಮನಾಥಪುರಕ್ಕೋ ಹೋಗಿ ಬರುವವರು ಮೆಶ್‌ಗೆ ಹಣ ಸುರಿಯಬೇಕಿಲ್ಲ. ಜೋಡಿ ಬ್ಲೂಟೂತ್ ಸೆಟ್ ಸಾಕು, ಖಂಡಿತ ಸಾಕು.

ಡಬ್ಬಿಯ ಮೇಲಿನ ಕಿಲೋಮೀಟರು

ಡಬ್ಬಿಯ ಮೇಲೆ 1.6 ಕಿ.ಮೀ. ಎಂದು ಬರೆದಿರುತ್ತದೆ. ಅದು ಬಯಲಿನಲ್ಲಿ, ಒಂದು ಹೆಲ್ಮೆಟ್‌ಗೆ ಇನ್ನೊಂದು ನೇರ ಕಾಣುವಾಗಿನ ಮಾತು. ಈ ಯಂತ್ರಗಳು ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಅಲೆ ಗುಡ್ಡವನ್ನು ಸುತ್ತಿ ಬಾಗುವುದಿಲ್ಲ, ಒದ್ದೆ ಎಲೆಯಲ್ಲಿ, ನೀರು ತುಂಬಿದ ಮೈಯಲ್ಲಿ ಸೊರಗುತ್ತದೆ. ಹಿಂದೆ ಕೂತವರ ದೇಹವೂ ನಮ್ಮ ತಲೆಯೂ ಅದಕ್ಕೆ ಅಡ್ಡವೇ. ಮಡಿಕೇರಿ ದಾರಿಯ ಕಾಫಿ ತೋಟದ ತಿರುವುಗಳಲ್ಲಿ, ಮಲೆ ಮಹದೇಶ್ವರ ಬೆಟ್ಟದ ಹೇರ್‌ಪಿನ್‌ಗಳಲ್ಲಿ ಡಬ್ಬಿಯ ಕಿಲೋಮೀಟರು ಕೆಲವು ನೂರು ಮೀಟರಿಗೆ ಇಳಿಯುವುದನ್ನು ನಾನೇ ಕಂಡಿದ್ದೇನೆ.

ನಾನು ದೂರವನ್ನು ಸೆಕೆಂಡಿನಲ್ಲಿ ಎಣಿಸಿಕೊಳ್ಳುತ್ತೇನೆ. ಗಂಟೆಗೆ 60 ಕಿ.ಮೀ. ವೇಗವೆಂದರೆ ಒಂದು ಕಿಲೋಮೀಟರಿಗೆ ಒಂದು ನಿಮಿಷ. 1.6 ಕಿ.ಮೀ. ವ್ಯಾಪ್ತಿಯಿದ್ದರೆ ಕೊನೆಯವನು ನಿಂತ ಮೇಲೆ ಅವನ ದನಿ ನನಗೆ 96 ಸೆಕೆಂಡು ಸಿಗುತ್ತದೆ. ಘಾಟಿಯಲ್ಲಿ ಅದು 300 ಮೀಟರಿಗೆ ಇಳಿದರೆ ಸಿಗುವುದು 18 ಸೆಕೆಂಡು. ‘ಅಣ್ಣ, ಗಾಡಿ ನಿಂತೋಯ್ತು’ ಎನ್ನಲು ಅಷ್ಟು ಸಾಕು, ಅವನು ಗಾಬರಿಯಲ್ಲಿ ಗಾಡಿಯನ್ನು ಬದಿಗೆ ಎಳೆದುಕೊಳ್ಳುತ್ತ ಮಾತು ಮರೆಯದಿದ್ದರೆ. ಸಾಲಿನ ಉದ್ದ ಎಷ್ಟಿರಬೇಕು ಎಂಬುದನ್ನು ಯಂತ್ರವೇ ನಮಗೆ ಹೇಳಿಕೊಡುತ್ತದೆ ಎಂದು ನಾನು ಅನ್ನುವುದು ಇದಕ್ಕೇ.

ಕೊಳ್ಳುವ ಮೊದಲು ಪರೀಕ್ಷಿಸಲು ಮೈಸೂರಲ್ಲಿ ಚಾಮುಂಡಿ ಬೆಟ್ಟವೇ ಇದೆ. ಈಗಾಗಲೇ ಆ ಸೆಟ್ ಇರುವ ಪರಿಚಯದವರನ್ನು ಒಪ್ಪಿಸಿ. ಬೆಳಿಗ್ಗೆ ಬೇಗ, ಗಾಡಿಗಳ ಸಂಚಾರ ಕಡಿಮೆ ಇರುವಾಗ, ಒಬ್ಬರು ತಪ್ಪಲಲ್ಲಿ ನಿಲ್ಲಲಿ, ಇನ್ನೊಬ್ಬರು ಮೇಲೆ ಏರುತ್ತ ಒಂದೊಂದು ತಿರುವಿನಲ್ಲೂ ಅದರ ಗುರುತು ಹೇಳುತ್ತ ಹೋಗಲಿ. ಯಾವ ತಿರುವಿನಲ್ಲಿ ದನಿ ಒಡೆಯಿತು, ಯಾವುದರಲ್ಲಿ ಕಡಿದೇ ಹೋಯಿತು ಎಂದು ಕೆಳಗಿನವರು ಬರೆದುಕೊಳ್ಳಲಿ. ಅರ್ಧ ಗಂಟೆಯ ಈ ಕೆಲಸ ಹತ್ತು ವಿಡಿಯೊ ನೋಡಿದ್ದಕ್ಕಿಂತ ಹೆಚ್ಚು ಕಲಿಸುತ್ತದೆ.

ಫೋನಿನ ಕಾನ್ಫರೆನ್ಸ್ ಕರೆಯಲ್ಲೇ ಮಾತಾಡಿಕೊಂಡರಾಯಿತು ಎನ್ನುವವರಿದ್ದಾರೆ. ನಗರದೊಳಗೆ ಅದು ನಡೆಯುತ್ತದೆ. ಆದರೆ ನಮ್ಮ ದಾರಿಗಳಲ್ಲಿ ಮಾತು ಹೆಚ್ಚು ಬೇಕಾಗುವ ಜಾಗಗಳಲ್ಲೇ ಟವರ್ ಇರುವುದಿಲ್ಲ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದ ಇರುವ ನಿಯಮ. ಹಗಲಲ್ಲೂ ನಡುವೆ ನಿಲ್ಲಿಸುವಂತಿಲ್ಲ. ರಸ್ತೆ ದಾಟುವ ಆನೆಯನ್ನು ಮುಂದಿನವರು ಕಂಡರೆ ಹಿಂದಿನವರಿಗೆ ಆ ಕ್ಷಣವೇ ತಿಳಿಯಬೇಕು. ಅಲ್ಲಿ ಹಾರ್ನ್ ಹೊಡೆಯಬಾರದು, ಕೂಗಬಾರದು. ಹೆಲ್ಮೆಟ್ಟಿನೊಳಗಿನ ಮೆಲುದನಿಯಷ್ಟು ಕಾಡಿಗೆ ಒಪ್ಪುವ ಮಾತು ಬೇರೆ ಯಾವುದಿದೆ?

ಬೆಂಗಳೂರಿನ ಕಡೆಗಿನ ಕಥೆ ಬೇರೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ನಾವೆಲ್ಲ ಸರ್ವಿಸ್ ರಸ್ತೆಯವರು. ಎದುರು ದಿಕ್ಕಿನಿಂದ ಬರುವ ಟ್ರಾಕ್ಟರು, ಬಣ್ಣ ಮಾಸಿದ ಹಂಪು, ದಿಢೀರನೆ ಎಡಕ್ಕೆ ತಿರುಗುವ ಕೂಡುರಸ್ತೆ. ಆ ದಾರಿಯಲ್ಲಿ ನಮ್ಮ ಗುಂಪು ಬಳಸುವ ಪದ ನಾಲ್ಕೈದು ಮಾತ್ರ. ಅತಿ ಹೆಚ್ಚು ಸಲ ಕೇಳುವುದು ‘ಹಂಪು’.

ವಾಕಿಟಾಕಿ ಬೇಕೆನ್ನುವವರಿಗೆ

ಹಳಬರಲ್ಲಿ ಕೆಲವರು ವಾಕಿಟಾಕಿಯ ಮೋಹ ಬಿಟ್ಟಿಲ್ಲ. ಅದರ ಅಲೆ ಕಡಿಮೆ ಕಂಪನಾಂಕದ್ದು. ಮರಗಿಡಗಳ ನಡುವೆ ಇಂಟರ್‌ಕಾಮ್‌ಗಿಂತ ಚೆನ್ನಾಗಿ ನುಸುಳುತ್ತದೆ ಎಂಬುದು ನಿಜ. ಆದರೆ ಕಾನೂನು ನೋಡಿಕೊಳ್ಳಬೇಕು. ನಮ್ಮಲ್ಲಿ ಸಾಮಾನ್ಯರು ಪರವಾನಗಿಯಿಲ್ಲದೆ ಬಳಸಬಹುದಾದದ್ದು 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ, ಕಡಿಮೆ ಶಕ್ತಿಯ ಸೆಟ್‌ಗಳು ಮಾತ್ರ. 2018ರ ನಿಯಮಗಳು ಕೊಟ್ಟ ವಿನಾಯಿತಿ ಅದು. ಸೆಟ್‌ಗೂ ಸರ್ಕಾರದ ಮಾದರಿ ಅನುಮೋದನೆ ಇರಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡ, ಯಾವ ಕಂಪನಾಂಕಕ್ಕೆ ಬೇಕಾದರೂ ತಿರುಗಿಸಬಹುದಾದ ಸೆಟ್ಟು ಪೊಲೀಸರ, ಅರಣ್ಯ ಇಲಾಖೆಯವರ ಮಾತಿಗೆ ಅಡ್ಡ ಬರಬಲ್ಲದು. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ತಪ್ಪು. ಇಂಥವುಗಳ ಮಾರಾಟದ ಬಗ್ಗೆ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಹೆಚ್ಚು ದೂರದ ರೇಡಿಯೊ ಬೇಕೆಂದರೆ ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆಯುವ ಗೌರವದ ದಾರಿಯಿದೆ.

ಇನ್ನೊಂದು ಮಾತು. ವಾಕಿಟಾಕಿಯಲ್ಲಿ ಗುಂಡಿ ಒತ್ತಿ ಹಿಡಿದರೆ ಮಾತ್ರ ದನಿ ಹೋಗುತ್ತದೆ. ಒಬ್ಬರು ಒತ್ತಿದಾಗ ಇನ್ನೊಬ್ಬರು ಸುಮ್ಮನಿರಬೇಕು. ಕೈಯನ್ನು ಹ್ಯಾಂಡಲ್‌ನಿಂದ ತೆಗೆಯುವುದಂತೂ ಆಗದ ಮಾತು. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಓಡಿಸುತ್ತಿರುವಾಗ ಕೈಯಲ್ಲಿ ಹಿಡಿದ ಸಂಪರ್ಕ ಸಾಧನ ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಎಡಗೈ ಹೆಬ್ಬೆರಳ ಬಳಿ ಒತ್ತುಗುಂಡಿ, ಹೆಲ್ಮೆಟ್‌ನೊಳಗೆ ಮೈಕು ಎಂದು ತಂತಿ ಎಳೆದು ಕೂರಿಸಿಕೊಂಡರೆ ಮಾತ್ರ ಅದು ಬೈಕಿಗೆ ಒಗ್ಗುತ್ತದೆ. ಅಷ್ಟೆಲ್ಲ ಮಾಡುವ ತಾಳ್ಮೆಯವರು ಕಡಿಮೆ.

ಕಿವಿಯ ಪಾಲು

ಬೈಕು, ಬಾನುಲಿ ಎರಡನ್ನೂ ಕಟ್ಟಿದ ಈ ಊರಿನಲ್ಲಿ ಕಿವಿಗೂ ಒಂದು ಮನೆಯಿದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮೆಲ್ಲರ ಬಾಯಲ್ಲಿ ‘ಆಯಿಷ್’, ಅರವತ್ತರ ದಶಕದಿಂದ ದೇಶದ ಮೂಲೆ ಮೂಲೆಯವರ ಕಿವಿ ನೋಡುತ್ತಿದೆ. ಇಂಟರ್‌ಕಾಮ್ ಕೊಳ್ಳುವಾಗ ನಾವು ಬ್ಯಾಟರಿಯ ಬಗ್ಗೆ ಕೇಳುತ್ತೇವೆ, ಕಿವಿಯ ಬಗ್ಗೆ ಕೇಳುವುದಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯ ಮೊರೆತ 95ರಿಂದ 100 ಡೆಸಿಬಲ್‌ನ ಆಸುಪಾಸಿಗೆ ಮುಟ್ಟುತ್ತದೆ. ಎಂಜಿನ್ ಸದ್ದಿಗಿಂತ ಅದೇ ಹೆಚ್ಚು. ಶ್ರವಣ ತಜ್ಞರು ಬಳಸುವ ಒಂದು ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಆ ಮೇಲೆ ಪ್ರತಿ 3 ಡೆಸಿಬಲ್‌ಗೂ ಕಾಲ ಅರ್ಧವಾಗುತ್ತ ಹೋಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಈ ಮೊರೆತದ ಮೇಲೆ ಮಾತು ಕೇಳಿಸಲಿ ಎಂದು ನಾವು ಸ್ಪೀಕರಿನ ದನಿ ಏರಿಸುತ್ತೇವೆ, ಹಾಡನ್ನೂ ಏರಿಸುತ್ತೇವೆ. ಕೇಳುವ ಶಕ್ತಿ ಕುಂದುವುದು ನೋವಿಲ್ಲದೆ. ಸಂಜೆ ಮನೆಗೆ ಬಂದಾಗ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದು ದಣಿವಿನ ಸದ್ದಲ್ಲ, ಪೆಟ್ಟಿನ ಸದ್ದು.

ಹಾಗಾಗಿ ಸ್ಪೀಕರಿನ ಅಳತೆಗಿಂತ ಅದು ಕೂರುವ ಜಾಗ ಮುಖ್ಯ. 40 ಮಿ.ಮೀ. ಸ್ಪೀಕರ್ ಕಿವಿಯ ರಂಧ್ರಕ್ಕೆ ನೇರ ಎದುರಾಗಿದ್ದರೆ ಅರ್ಧ ದನಿಯಲ್ಲೇ ಮಾತು ಸ್ಪಷ್ಟ. ಎರಡು ಬೆರಳು ಹಿಂದೆ ಸರಿದರೆ ಎಷ್ಟು ಏರಿಸಿದರೂ ಗೊಗ್ಗರು. ಹೆಲ್ಮೆಟ್ ಹಾಕಿಕೊಂಡು ಕಿವಿ ಎಲ್ಲಿದೆ ಎಂದು ಬೆರಳಿಟ್ಟು ನೋಡಿ, ಅಲ್ಲಿ ಕೂರಿಸಬೇಕು. ದೂರದ ಪ್ರಯಾಣದಲ್ಲಿ ನಾನು ಮೆದು ಫೋಮಿನ ಬಿರಡೆ ಇಟ್ಟುಕೊಂಡು, ಅದರ ಮೇಲೆ ಇಂಟರ್‌ಕಾಮ್ ಕೇಳುತ್ತೇನೆ. ಮೊರೆತ ತಗ್ಗಿ ಮಾತು ಬಿಡಿಯಾಗಿ ಕೇಳುತ್ತದೆ. ಮೊದಲ ದಿನ ಯಾರಿಗೂ ನಂಬಿಕೆ ಬರುವುದಿಲ್ಲ.

ಮೈಕೂ ಅಷ್ಟೇ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್‌ಗೆ ಗದ್ದದ ಭಾಗದಲ್ಲಿ ಅಂಟಿಸುವ ಪುಟ್ಟ ಮೈಕು, ಎದುರು ತೆರೆದ ಹೆಲ್ಮೆಟ್‌ಗೆ ಕಡ್ಡಿ ಮೈಕು. ತುಟಿಗೆ ತಾಗುವಷ್ಟು ಹತ್ತಿರ, ಸ್ಪಂಜಿನ ಟೋಪಿ ಕಳಚದಂತೆ. ಹೆಲ್ಮೆಟ್ ಮಾತ್ರ ಐಎಸ್‌ಐ ಗುರುತಿನದೇ ಇರಲಿ. 2021ರ ಜೂನ್‌ನಿಂದ ಬೇರೆಯದನ್ನು ಮಾರುವಂತೆಯೇ ಇಲ್ಲ. ಸ್ಪೀಕರಿಗೆ ಜಾಗ ಸಾಲದೆಂದು ಒಳಗಿನ ಥರ್ಮೊಕೋಲನ್ನು ಚಾಕುವಿನಿಂದ ಕೆರೆದು ಗುಳಿ ಮಾಡಿಕೊಡುವವರಿದ್ದಾರೆ. ದಯವಿಟ್ಟು ಬೇಡ. ಬಿದ್ದಾಗ ನಿಮ್ಮ ತಲೆಯ ಪೆಟ್ಟನ್ನು ತಾನು ತಿನ್ನುವುದು ಆ ಥರ್ಮೊಕೋಲೇ. ಸ್ಪೀಕರಿಗೆಂದೇ ಗುಳಿ ಬಿಟ್ಟ ಹೆಲ್ಮೆಟ್‌ಗಳು ಈಗ ಸಿಗುತ್ತವೆ. ಮೊದಲು ಹೆಲ್ಮೆಟ್ ಆರಿಸಿ, ಆಮೇಲೆ ಅದಕ್ಕೆ ಕೂರುವ ಯಂತ್ರ.

ನೀರಿನ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಕೊಡಗಿನ ಜುಲೈ ಮಳೆಗೆ ಹೋಗುವವರು ಐಪಿ67 ಎಂದು ಬರೆದಿರುವುದನ್ನೇ ನೋಡಿ ಕೊಳ್ಳಲಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುವ ದರ್ಜೆ ಅದು. ಚಾರ್ಜ್ ಮಾಡುವ ಕಿಂಡಿಯ ರಬ್ಬರ್ ಮುಚ್ಚಳ ಹಾಕಲು ಮರೆತರೆ ಯಾವ ದರ್ಜೆಯೂ ಕಾಯದು. ಬ್ಯಾಟರಿ ಹತ್ತು ಹನ್ನೆರಡು ಗಂಟೆ ಮಾತಿಗೆ ಬಂದರೆ ಒಂದು ದಿನದ ದಾರಿಗೆ ಸಾಕು. ಬಿಸಿಲಿಗೆ ನಿಲ್ಲಿಸಿದ ಬೈಕಿನ ಕನ್ನಡಿಗೆ ಹೆಲ್ಮೆಟ್ ಸಿಕ್ಕಿಸಿ ಹೋಗುವ ಅಭ್ಯಾಸ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ.

ಯಾವ ಮಾತು

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು, ಮತ್ತು ಯಾರೂ ಯೋಚಿಸದೇ ಇರುವುದು, ಯಂತ್ರದಲ್ಲಿ ಆಡುವ ಮಾತು. ಕನ್ನಡದಲ್ಲಿ ಮಾತಾಡುವ ನಮಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮ ಭಾಷೆಯಲ್ಲಿ ‘ಬೇಕು’, ‘ಬೇಡ’ ಎಂಬ ತೀರ್ಪು ಬರುವುದು ಕ್ರಿಯಾಪದದ ಕೊನೆಗೆ. ‘ಬರಬಹುದು’, ‘ಬರಬೇಡಿ’: ಮೊದಲರ್ಧ ಒಂದೇ. ವ್ಯಾಪ್ತಿಯ ಅಂಚಿನಲ್ಲಿ ದನಿ ಕಡಿಯುವಾಗ ಕೊನೆಯೇ ಮೊದಲು ಹೋಗುತ್ತದೆ. ಹಿಂದಿನವನಿಗೆ ಕೇಳುವುದು ‘ಬರ್...’ ಅಷ್ಟೇ. ಲಾರಿಯ ಹಿಂದೆ ಕಾಯುತ್ತಿರುವವನಿಗೆ ಆ ಅರ್ಧ ಪದ ಪ್ರಾಣಕ್ಕೆ ಕುತ್ತಾಗಬಹುದು.

ಅಷ್ಟೇ ಅಲ್ಲ. ದನಿ ಕೇಳಿದಾಗಲೇ ಎಚ್ಚರಗೊಳ್ಳುವ ಸೆಟ್‌ಗಳಿವೆ. ಅವು ಎಚ್ಚರಾಗುವಷ್ಟರಲ್ಲಿ ಮಾತಿನ ಮೊದಲ ಅಕ್ಷರ ನುಂಗಿಹೋಗಿರುತ್ತದೆ. ತಲೆಯೂ ಇಲ್ಲ, ಬಾಲವೂ ಇಲ್ಲ, ನಡುವಿನದಷ್ಟೇ ಉಳಿಯುತ್ತದೆ.

ಇದಕ್ಕೆ ನಮ್ಮ ಗುಂಪು ಕಂಡುಕೊಂಡ ಉಪಾಯ ಸರಳ. ಮೊದಲು ಹೆಸರೋ ‘ಅಣ್ಣ’, ‘ಅಕ್ಕ’ ಎಂಬ ಕರೆಯೋ ಬರಬೇಕು, ಯಂತ್ರ ನುಂಗುವುದಾದರೆ ಅದನ್ನು ನುಂಗಲಿ. ಆಮೇಲೆ ಒಂದೇ ಪದ, ಎರಡು ಸಲ. ‘ಅಕ್ಕ, ತಡೀರಿ ತಡೀರಿ.’ ‘ಅಣ್ಣ, ಜಲ್ಲಿ ಜಲ್ಲಿ.’ ಒಂದಕ್ಕೊಂದು ಪ್ರಾಸವಾಗುವ ಪದ ಬೇಡ, ‘ಬಿಡಿ’ ಮತ್ತು ‘ಹಿಡಿ’ ನಮ್ಮ ಸಾಲಿನಲ್ಲಿ ನಿಷಿದ್ಧ. ‘ಬೇಡ’ದಲ್ಲಿ ಮುಗಿಯುವ ಯಾವ ಆಜ್ಞೆಯನ್ನೂ ಕೊಡುವುದಿಲ್ಲ. ಮುಖ್ಯವಾಗಿ, ‘ದಾರಿ ಖಾಲಿ ಇದೆ, ಓವರ್‌ಟೇಕ್ ಮಾಡಿ’ ಎಂದು ಮುಂದಿನವನು ಎಂದೂ ಹೇಳಕೂಡದು. ಅವನು ಕಂಡ ಖಾಲಿ ದಾರಿ ಐದು ಸೆಕೆಂಡಿನ ನಂತರ ಖಾಲಿ ಇರಬೇಕೆಂದಿಲ್ಲ. ‘ಎದುರು ಬಸ್ಸು’ ಎಂದು ಅಪಾಯ ಹೇಳಬಹುದು, ಅನುಮತಿ ಕೊಡಬಾರದು. ಲಾರಿ ದಾಟುವ ನಿರ್ಧಾರ ಅವರವರ ಕಣ್ಣಿನದು.

ಹರಟೆ? ಖಂಡಿತ ಬೇಕು. ಆದರೆ ನೇರ ರಸ್ತೆಯಲ್ಲಿ, ಸಂಚಾರ ವಿರಳವಾಗಿದ್ದಾಗ. ಕೈ ಹ್ಯಾಂಡಲ್ ಮೇಲಿದ್ದರೂ ಮನಸ್ಸು ಮಾತಿನಲ್ಲಿ ಮುಳುಗಿದರೆ ಕಣ್ಣು ನೋಡಿದ್ದನ್ನು ತಲೆ ಕಾಣುವುದಿಲ್ಲ. ನನ್ನ ಮಗಳು ಬೈಕ್ ಕಲಿಯುವಾಗ ನಾನು ಹಿಂದಿನ ಬೈಕಿನಿಂದ ಇಂಟರ್‌ಕಾಮ್‌ನಲ್ಲಿ ಗೇರು, ಬ್ರೇಕು, ತಿರುವು ಎಂದು ಹೇಳುತ್ತ ಹೋಗುತ್ತಿದ್ದೆ. ಮೂರನೇ ದಿನ ಅವಳು ಗಾಡಿ ಬದಿಗೆ ನಿಲ್ಲಿಸಿ, ‘ಅಪ್ಪ, ನೀವು ಮಾತಾಡ್ತಾ ಇದ್ರೆ ನಂಗೆ ಎಂಜಿನ್ ಕೇಳಲ್ಲ’ ಅಂದಳು. ಸರಿಯಾದ ಮಾತು. ಅಂದಿನಿಂದ ನಾನು ಬಾಯಿಬಿಟ್ಟದ್ದು ಅವಳು ಕೇಳಿದಾಗ ಮಾತ್ರ. ಅವಳು ಬೇಗ ಕಲಿತಳು.

ಕಳೆದ ಚಳಿಗಾಲದಲ್ಲಿ ಮತ್ತೆ ಬಂಡೀಪುರದ ಕಡೆ ಹೋಗಿದ್ದೆವು. ಐದಲ್ಲ, ಏಳು ಬೈಕು. ಎರಡು ಮಾತ್ರ ಹಳೆಯ ಯೆಜ್ಡಿಗಳು, ಉಳಿದವು ಹೊಸ ತಲೆಮಾರಿನವು. ಅಂದು ಹುಣಸೆಮರದ ಕೆಳಗೆ ಕೂತಿದ್ದ ಗೆಳೆಯನಿಗೆ ಈಗ ಅರವತ್ತು ದಾಟಿದೆ. ಕೊನೆಯ ಜಾಗ ತನಗೇ ಬೇಕೆಂದು ಹಟ ಹಿಡಿದು ಪಡೆದುಕೊಂಡ. ಗುಂಪಿನಲ್ಲಿದ್ದ ಒಳ್ಳೆಯ ಸೆಟ್ಟನ್ನು ನಾವೂ ಅವನ ಹೆಲ್ಮೆಟ್‌ಗೇ ಕೂರಿಸಿದ್ದೆವು. ಬರುವಾಗ ಗುಂಡ್ಲುಪೇಟೆ ದಾಟಿದ ಮೇಲೆ ಯಾರೂ ಮಾತಾಡಿರಲಿಲ್ಲ. ಇಬ್ಬದಿಯ ಹೊಲದಲ್ಲಿ ಸಂಜೆ ಇಳಿಯುತ್ತಿತ್ತು. ಆಗ ಕಿವಿಯಲ್ಲಿ, ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಅವನ ದನಿ ಬಂತು:

‘ಬೇಗೂರು ದಾಟ್ದೆ ಕಣ್ರೋ. ನನ್ನ ಹಿಂದೆ ಯಾರೂ ಇಲ್ಲ.’